ಚಳಿಗಾಲದ ಮಾಂಟ್ರಿಯಲ್: ಬೆಚ್ಚಗೆ ಸುತ್ತಲು, ರಾತ್ರಿ ಮಜಾ ಮಾಡಲು – ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕೆನಡಾದ ಮಾಂಟ್ರಿಯಲ್‌ಗೆ ಹೊರಟವರ ತಲೆಯಲ್ಲಿ ಓಡುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅಷ್ಟು ಚಳಿಯಲ್ಲಿ ಏನು ನೋಡುವುದು? ಸಂಜೆ ನಾಲ್ಕೂವರೆಗೇ ಕತ್ತಲಾದರೆ ಆಮೇಲೆ ಎಲ್ಲಿಗೆ ಹೋಗುವುದು? ಟಿಕೆಟ್ ದರ, ತೆರೆಯುವ ಹೊತ್ತು ಬದಲಾಗುತ್ತಿರುತ್ತವೆ. ಹೊರಡುವ ದಿನ ಆಯಾ ಜಾಗದ ವೆಬ್‌ಸೈಟನ್ನು ಒಮ್ಮೆ ನೋಡಿಕೊಳ್ಳಿ.

ನಿಜವಾಗಲೂ ಅಷ್ಟೊಂದು ಚಳಿ ಇರುತ್ತಾ?

ಇರುತ್ತದೆ. ಜನವರಿಯ ಸರಾಸರಿಯೇ ಮೈನಸ್ 10 ಡಿಗ್ರಿ ಆಸುಪಾಸು. ಕೆಲವು ರಾತ್ರಿ ಮೈನಸ್ 20 ದಾಟುತ್ತದೆ, ಗಾಳಿ ಸೇರಿದರೆ ಮೈನಸ್ 30ರಂತೆ ಕೊರೆಯುತ್ತದೆ. ಒಂದು ಚಳಿಗಾಲದಲ್ಲಿ ಒಟ್ಟು ಸುಮಾರು ಎರಡು ಮೀಟರ್ ಹಿಮ ಬೀಳುತ್ತದೆ. ಗಾಳಿ ಸೇರಿ ಮೈನಸ್ 28ಕ್ಕಿಂತ ಕೆಳಗಿಳಿದರೆ, ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಬಹುದು. ಅಂಥ ದಿನ ಕಿವಿ, ಮೂಗು, ಬೆರಳು ಮುಚ್ಚಿಕೊಳ್ಳದೆ ಹೊರಗೆ ಕಾಲಿಡಬೇಡಿ.

ಆದರೆ ಊರು ನಿಲ್ಲುವುದಿಲ್ಲ. ಮೆಟ್ರೋ ಪೂರ್ತಿ ನೆಲದಡಿ ಓಡುತ್ತದೆ, ಹಿಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸ್ವಲ್ಪ ಯೋಚಿಸಿ ಪ್ಲಾನ್ ಮಾಡಿದರೆ ಒಮ್ಮೆಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಹೊರಗೆ ನಡೆಯದೆ ಇಡೀ ದಿನ ಕಳೆಯಬಹುದು.

ಹಾಗಾದರೆ ಪ್ಲಾನ್ ಹೇಗೆ ಮಾಡಬೇಕು?

ಜಾಗಗಳ ಪಟ್ಟಿ ಇಟ್ಟುಕೊಂಡು ಓಡಾಡಬೇಡಿ, ಮೆಟ್ರೋ ಸ್ಟೇಷನ್ ಹಿಡಿದುಕೊಂಡು ಓಡಾಡಿ. ಒಟ್ಟು 68 ಸ್ಟೇಷನ್‌ಗಳಿವೆ, ನಾಲ್ಕು ಲೈನ್. ಒಂದು ಹೊತ್ತಿಗೆ ಒಂದು ಸ್ಟೇಷನ್ ಸುತ್ತಮುತ್ತ ಏನಿದೆಯೋ ಅಷ್ಟನ್ನೇ ನೋಡುವುದು. ಬೇಸಿಗೆಯಲ್ಲಿ ಬಂದವರು ಮ್ಯೂಸಿಯಂನಿಂದ ಬಂದರಿಗೆ, ಅಲ್ಲಿಂದ ಮಾರ್ಕೆಟ್‌ಗೆ ನಡೆದೇ ಹೋಗುತ್ತಾರೆ. ಅದೇ ರೂಟನ್ನು ಜನವರಿಯಲ್ಲಿ ಹಿಡಿದರೆ ಮಧ್ಯಾಹ್ನದ ಹೊತ್ತಿಗೇ ಸುಸ್ತಾಗಿ ಹೋಟೆಲ್ ಸೇರುತ್ತೀರಿ. ಚಳಿಗಿಂತ ಜಾಸ್ತಿ ಸುಸ್ತು ಮಾಡುವುದು ಕೋಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

ಇನ್ನೊಂದು ಮಾತು. ಡಿಸೆಂಬರ್‌ನಲ್ಲಿ ಸೂರ್ಯ 4:15ರ ಹೊತ್ತಿಗೆ ಮುಳುಗುತ್ತಾನೆ. ಕತ್ತಲಾಯಿತು ಎಂದು ರೂಮು ಸೇರಿದರೆ ಮತ್ತೆ ಏಳಲು ಮನಸ್ಸೇ ಬರುವುದಿಲ್ಲ. ಸಂಜೆ ಐದಕ್ಕೆ ಏನಾದರೂ ಒಂದು ಮೊದಲೇ ಬುಕ್ ಮಾಡಿಟ್ಟುಕೊಳ್ಳಿ.

ಅಂಡರ್‌ಗ್ರೌಂಡ್ ಸಿಟಿ ಅಂತ ಎಲ್ಲರೂ ಹೇಳುತ್ತಾರಲ್ಲ, ನೋಡಲೇಬೇಕಾ?

ನೋಡುವುದಕ್ಕಿಂತ ಬಳಸಲೇಬೇಕು. ಅಲ್ಲಿನವರು ಅದನ್ನು ರೆಸೊ ಎನ್ನುತ್ತಾರೆ. ನೆಲದಡಿ ಇನ್ನೊಂದು ಊರೇ ಇದೆ ಎಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಅದು ಸುಮಾರು 32 ಕಿಲೋಮೀಟರ್ ಉದ್ದದ ನಡೆದಾರಿ. ಮಾಲ್, ಆಫೀಸ್ ಕಟ್ಟಡ, ಹೋಟೆಲ್, ರೈಲು ನಿಲ್ದಾಣ, ಮೆಟ್ರೋ ಎಲ್ಲವನ್ನೂ ಜೋಡಿಸುತ್ತದೆ. ಶುರುವಾಗಿದ್ದು 1962ರಲ್ಲಿ, ಪ್ಲಾಸ್ ವಿಲ್ ಮರಿ ಎಂಬ ಗಗನಚುಂಬಿಯನ್ನು ರೈಲು ಹಳಿಗಳ ಮೇಲೆ ಕಟ್ಟಿ, ಅದರ ಕೆಳಗೆ ಅಂಗಡಿ ಸಾಲು ಮಾಡಿದಾಗ. 1966ರಲ್ಲಿ ಮೆಟ್ರೋ ಬಂತು, ಮರುವರ್ಷ ಎಕ್ಸ್‌ಪೋ 67 ಎಂಬ ವಿಶ್ವ ಮೇಳ ನಡೆಯಿತು. ಆಮೇಲೆ ಒಂದೊಂದೇ ಕಟ್ಟಡ ಇದಕ್ಕೆ ಸೇರಿಕೊಳ್ಳುತ್ತಾ ಹೋಯಿತು. ಒಂದೇ ಕೈಯಲ್ಲಿ ಯೋಜನೆ ಮಾಡಿ ಕಟ್ಟಿದ್ದಲ್ಲ. ಅದಕ್ಕೇ ದಾರಿ ಹಾವಿನ ಹಾಗೆ ಸುತ್ತುತ್ತದೆ, ಮ್ಯಾಪ್ ನೋಡಿದರೂ ತಲೆ ತಿರುಗುತ್ತದೆ.

ಇಡೀ ರೆಸೊ ನಡೆಯುವ ಹಟ ಬೇಡ, ಬಹುಪಾಲು ಬರೀ ಅಂಗಡಿ ಮತ್ತು ಫುಡ್ ಕೋರ್ಟ್. ಮೂರು ಜಾಗ ಮಾತ್ರ ಹುಡುಕಿಕೊಂಡು ಹೋಗಿ.

ಮೊದಲನೆಯದು ಸೆಂಟರ್ ದ ಕೊಮೆರ್ಸ್ ಮೊಂಡಿಯಾಲ್, ಅಂದರೆ ವರ್ಲ್ಡ್ ಟ್ರೇಡ್ ಸೆಂಟರ್. ಹಳೆಯ ಕಟ್ಟಡಗಳ ನಡುವಿನ ಒಂದು ಗಲ್ಲಿಗೆ ಗಾಜಿನ ಮಾಡು ಹಾಕಿ ಒಳಾಂಗಣ ಮಾಡಿದ್ದಾರೆ. ಕಪ್ಪು ಗ್ರಾನೈಟ್ ಕೊಳದ ತುದಿಯಲ್ಲಿ ಫ್ರಾನ್ಸ್‌ನಿಂದ ಬಂದ ಹಳೆಯ ಕಾರಂಜಿ ಇದೆ. ಇನ್ನೊಂದು ಕಡೆ ಬರ್ಲಿನ್ ಗೋಡೆಯ ಒಂದು ತುಂಡು ನಿಂತಿದೆ. ಮಾಂಟ್ರಿಯಲ್‌ಗೆ 350 ವರ್ಷ ತುಂಬಿದಾಗ, 1992ರಲ್ಲಿ, ಬರ್ಲಿನ್ ನಗರ ಕೊಟ್ಟ ಉಡುಗೊರೆ ಅದು. ಒಂದು ಬದಿಯಲ್ಲಿ ಬಣ್ಣಬಣ್ಣದ ಗೀಚು. ಟಿಕೆಟ್ ಇಲ್ಲ, ಸಾಲು ಇಲ್ಲ, ಆಫೀಸಿಗೆ ಹೋಗುವವರು ಪಕ್ಕದಲ್ಲೇ ಸರಸರ ನಡೆದುಹೋಗುತ್ತಿರುತ್ತಾರೆ.

ಎರಡನೆಯದು ಪಾಲೆ ದೆ ಕಾಂಗ್ರೆ, ಊರಿನ ಕನ್ವೆನ್ಷನ್ ಸೆಂಟರ್. ಅದರ ಬಣ್ಣದ ಗಾಜಿನ ಗೋಡೆ ಬಿಸಿಲಿದ್ದಾಗ ನೆಲದ ಮೇಲೆಲ್ಲ ಬಣ್ಣ ಚೆಲ್ಲುತ್ತದೆ. ಒಳಗೆ 52 ಕಾಂಕ್ರೀಟ್ ಮರಗಳಿವೆ, ಎಲ್ಲವೂ ಲಿಪ್‌ಸ್ಟಿಕ್ ಗುಲಾಬಿ ಬಣ್ಣದವು. ಹಗಲಲ್ಲೇ ಹೋಗಿ.

ಮೂರನೆಯದಕ್ಕೆ ಮೆಗಿಲ್ ಸ್ಟೇಷನ್ನಿಂದ ಪ್ರೊಮೆನಾದ್ ಕತೆದ್ರಾಲ್ ಮಾಲ್‌ಗೆ ಹೋಗಿ. ಮಾಲ್ ಸಾಧಾರಣದ್ದೇ. ಆದರೆ ನಿಮ್ಮ ತಲೆಯ ಮೇಲೆ 1859ರ ಕ್ರೈಸ್ಟ್ ಚರ್ಚ್ ಕತೀಡ್ರಲ್ ಕೂತಿದೆ. 1980ರ ದಶಕದಲ್ಲಿ ಇಡೀ ಚರ್ಚನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿ ಕೆಳಗಿನ ಮಣ್ಣು ತೆಗೆದು ಈ ಮಾಲ್ ಕಟ್ಟಿದರು. ಮೇಲೆ ಹೋಗಿ ಚರ್ಚ್ ನೋಡಿ, ಮತ್ತೆ ಕೆಳಗಿಳಿದು ಕಾಫಿ ಕುಡಿಯಿರಿ.

ರೆಸೊದ ಕೆಲವು ದಾರಿ ಮೆಟ್ರೋ ಇರುವ ತನಕ, ಅಂದರೆ ಬೆಳಿಗ್ಗೆ 5:30ರಿಂದ ರಾತ್ರಿ ಸುಮಾರು 1ರವರೆಗೆ ತೆರೆದಿರುತ್ತವೆ. ಕೆಲವು ಬೇಗ ಬಾಗಿಲು ಹಾಕುತ್ತವೆ. ರಾತ್ರಿ ವಾಪಸ್ ಬರಲು ಅದನ್ನೇ ನಂಬಿಕೊಳ್ಳಬೇಡಿ.

ಒಂದೇ ಒಂದು ಜಾಗ ನೋಡಲು ಟೈಮ್ ಇದ್ದರೆ?

ಬಯೋಡೋಮ್. ವಿಯೊ ಮೆಟ್ರೋ ಸ್ಟೇಷನ್‌ನಿಂದ ನಾಲ್ಕು ಹೆಜ್ಜೆ. 1976ರ ಒಲಿಂಪಿಕ್ಸ್‌ಗೆ ಸೈಕಲ್ ರೇಸ್ ನಡೆಸಲು ಕಟ್ಟಿದ ವೆಲೊಡ್ರೋಮ್ ಇದು. 1992ರಲ್ಲಿ ಅದನ್ನು ಪ್ರಾಣಿ, ಗಿಡ, ನೀರು ಎಲ್ಲ ಇರುವ ಲೋಕವಾಗಿ ಬದಲಾಯಿಸಿದರು. ದೊಡ್ಡ ರಿಪೇರಿ ಮುಗಿಸಿ 2020ರಲ್ಲಿ ಮತ್ತೆ ತೆರೆದರು. ಒಳಗೆ ಐದು ಪರಿಸರಗಳಿವೆ.

ಮೊದಲು ಮಳೆಕಾಡಿಗೆ ಹೋಗಿ. ಬಾಗಿಲು ದಾಟಿದ ಕೂಡಲೇ ಕನ್ನಡಕದ ಮೇಲೆ ಮಂಜು ಕೂರುತ್ತದೆ, ಏನೂ ಕಾಣುವುದಿಲ್ಲ. ಒರೆಸಿಕೊಂಡು ನೋಡಿದರೆ ದಪ್ಪ ಎಲೆಗಳು, ನೀರಿನ ಪಕ್ಕ ಕ್ಯಾಪಿಬರಾ, ತಲೆಯ ಮೇಲೆ ಹಾರುವ ಹಕ್ಕಿ. ಸ್ಲಾತ್ ಕೂಡ ಇದೆ, ಆದರೆ ಅದು ಅಲ್ಲಾಡುವುದೇ ಇಲ್ಲ, ಕತ್ತೆತ್ತಿ ತಾಳ್ಮೆಯಿಂದ ಹುಡುಕಬೇಕು. ಕೋಟು, ಸ್ವೆಟರ್ ಎಲ್ಲ ಲಾಕರ್‌ನಲ್ಲಿಟ್ಟು ಹೋಗಿ, ಇಲ್ಲದಿದ್ದರೆ ಬೆವರಿ ಒದ್ದೆಯಾಗುತ್ತೀರಿ. ಆ ಒದ್ದೆ ಮೈಯಲ್ಲಿ ಹೊರಗಿನ ಚಳಿಗೆ ಹೋಗುವುದು ಒಳ್ಳೆಯದಲ್ಲ.

ಮೇಪಲ್ ಕಾಡಿನ ವಿಭಾಗದಲ್ಲಿ ಒಳಗೂ ಋತು ಬದಲಾಗುತ್ತದೆ. ಹೊರಗೆ ಎಲೆ ಉದುರುವ ಕಾಲದಲ್ಲಿ ಒಳಗಿನ ಮರಗಳೂ ಎಲೆ ಉದುರಿಸುತ್ತವೆ. ಹಾಗಾಗಿ ಜನವರಿಯಲ್ಲಿ ಅಲ್ಲಿ ಹಸಿರು ಹುಡುಕಬೇಡಿ. ಆದರೆ ಲಿಂಕ್ಸ್ ಎಂಬ ಕಾಡುಬೆಕ್ಕು, ಬೀವರ್ ಇರುತ್ತವೆ. ಕೊನೆಗೆ ಪೆಂಗ್ವಿನ್‌ಗಳು, ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ಪಕ್ಕದಲ್ಲೇ 2013ರ ಪ್ಲಾನೆಟೇರಿಯಂ ಇದೆ. ಸ್ವಲ್ಪ ದೂರದಲ್ಲಿ ಬೊಟಾನಿಕಲ್ ಗಾರ್ಡನ್‌ನ ಗಾಜಿನ ಮನೆಗಳು ಮತ್ತು 2022ರಲ್ಲಿ ಹೊಸದಾಗಿ ತೆರೆದ ಇನ್ಸೆಕ್ಟೇರಿಯಂ, ಅಂದರೆ ಕೀಟಗಳ ಮ್ಯೂಸಿಯಂ. ಎರಡನ್ನು ಒಂದೇ ದಿನ ನೋಡಬಹುದು. ನಾಲ್ಕನ್ನೂ ಮುಗಿಸುವ ಆಸೆ ಬೇಡ.

ಮ್ಯೂಸಿಯಂಗಳಲ್ಲಿ ಯಾವುದು ಒಳ್ಳೆಯದು?

ಚಿತ್ರಕಲೆ ಇಷ್ಟವಿದ್ದರೆ ಶೆರ್‌ಬ್ರೂಕ್ ರಸ್ತೆಯ ಫೈನ್ ಆರ್ಟ್ಸ್ ಮ್ಯೂಸಿಯಂ. 1860ರಲ್ಲಿ ಶುರುವಾದ ಸಂಸ್ಥೆ, ಈಗ ಹಲವು ಕಟ್ಟಡಗಳಲ್ಲಿ ಹರಡಿದೆ. ರಸ್ತೆಯ ಎರಡೂ ಬದಿಯ ಕಟ್ಟಡಗಳಿಗೆ ನೆಲದಡಿ ದಾರಿ ಇದೆ, ಕೋಟು ಹಾಕದೆ ದಾಟಬಹುದು. ಅದಕ್ಕೇ ಸೇರಿದ ಹಳೆಯ ಚರ್ಚ್ ಒಂದು ಈಗ ಬೂರ್ಜಿ ಹಾಲ್ ಎಂಬ ಸಂಗೀತ ಸಭಾಂಗಣ. ಟಿಫಾನಿಯ ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಕೂತು ಕಚೇರಿ ಕೇಳಬಹುದು. ಮ್ಯೂಸಿಯಂ ನೋಡಿ ಸಂಜೆ ಅಲ್ಲೇ ಕಚೇರಿಗೆ ಕೂತರೆ ಒಂದು ದಿನ ಸಲೀಸಾಗಿ ಕಳೆಯುತ್ತದೆ.

ನನ್ನ ಓಟು ಮಾತ್ರ ಹಳೆಯ ಪೇಟೆಯ ಪ್ವಾಂತ್-ಅ-ಕಲ್ಯೇರ್‌ಗೆ. 1642ರಲ್ಲಿ ಊರು ಹುಟ್ಟಿದ ಜಾಗದ ಮೇಲೇ ಕಟ್ಟಿರುವ ಮ್ಯೂಸಿಯಂ ಇದು. ನೆಲಮಾಳಿಗೆಗೆ ಇಳಿದರೆ ಹಳೆಯ ಗೋಡೆಗಳ ಅಡಿಪಾಯ, ಸಮಾಧಿಗಳ ಕುರುಹು ಇರುವ ಜಾಗದಲ್ಲೇ ಉಳಿದಿವೆ. ಅಲ್ಲಿಂದ 1830ರ ದಶಕದ ಕಲ್ಲಿನ ಚರಂಡಿಯೊಳಗೇ ನಡೆದುಕೊಂಡು ಹೋಗಬಹುದು. ಚರಂಡಿ ಎಂದು ಮೂಗು ಮುರಿಯಬೇಡಿ. ಕಮಾನಿನ ಕಲ್ಲುಗಳ ಮೇಲೆ ಬೆಳಕಿನ ಚಿತ್ರ ಬಿಡುತ್ತಾರೆ, ವಾಸನೆಯ ಸುಳಿವೂ ಇಲ್ಲ.

ದುಡ್ಡು ಖರ್ಚಿಲ್ಲದೆ ಬೆಚ್ಚಗೆ ಕೂರುವ ಜಾಗ?

ಬೆರಿ-ಯುಕಾಮ್ ಸ್ಟೇಷನ್‌ಗೆ ಅಂಟಿಕೊಂಡಿರುವ ಗ್ರಾಂಡ್ ಬಿಬ್ಲಿಯೊತೆಕ್, 2005ರಲ್ಲಿ ತೆರೆದ ದೊಡ್ಡ ಲೈಬ್ರರಿ. ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು. ಜಾನ್-ತಾಲೊನ್ ಮಾರ್ಕೆಟ್ ಇನ್ನೊಂದು. 1933ರಿಂದ ನಡೆಯುತ್ತಿದೆ, ಚಳಿಗಾಲದಲ್ಲಿ ಸುತ್ತ ಗೋಡೆ ಹಾಕಿ ಮುಚ್ಚುತ್ತಾರೆ. ಮೇಪಲ್ ಸಿರಪ್, ಚೀಸ್ ಇಲ್ಲೇ ಕೊಳ್ಳಿ, ಹಳೆಯ ಪೇಟೆಯ ಟೂರಿಸ್ಟ್ ಅಂಗಡಿಗಳಲ್ಲಿ ಬೆಲೆ ಜಾಸ್ತಿ.

ಮೆಟ್ರೋ ಸ್ಟೇಷನ್‌ಗಳೂ ನೋಡುವಂಥವೇ, ಒಂದರಂತೆ ಇನ್ನೊಂದಿಲ್ಲ. ಶಾಂ-ದ-ಮಾರ್ಸ್‌ನಲ್ಲಿ ಕಲಾವಿದೆ ಮಾರ್ಸೆಲ್ ಫೆರೊನ್ 1968ರಲ್ಲಿ ಮಾಡಿದ ಬಣ್ಣದ ಗಾಜಿನ ಗೋಡೆ ಇದೆ. ಅಂದಹಾಗೆ ಸ್ಟೇಷನ್ ಬಾಗಿಲುಗಳ ಬಗ್ಗೆ ಎಚ್ಚರ. ಒಂದು ಕೀಲಿನ ಮೇಲೆ ತಿರುಗುವ ಭಾರದ ಬಾಗಿಲುಗಳು ಅವು. ರೈಲು ಬರುವಾಗ ಸುರಂಗದ ಗಾಳಿ ನುಗ್ಗಿ ಬಾಗಿಲು ಕೈಗೇ ಸಿಗದ ಹಾಗೆ ತಿರುಗುತ್ತದೆ. ಮಕ್ಕಳನ್ನು ಮುಂದೆ ಬಿಡಬೇಡಿ.

ಐಸ್ ಸ್ಕೇಟಿಂಗ್, ಹಾಕಿ ಎಲ್ಲ ಒಳಗೇ ಸಿಗುತ್ತಾ?

ಸಿಗುತ್ತದೆ. ಬೊನಾವೆಂಚರ್ ಸ್ಟೇಷನ್ ಮೇಲಿನ 51 ಅಂತಸ್ತಿನ ಕಟ್ಟಡದೊಳಗೆ ಗಾಜಿನ ಗುಮ್ಮಟದ ಕೆಳಗೊಂದು ಐಸ್ ರಿಂಕ್ ಇದೆ. ಸ್ಕೇಟ್ ಬಾಡಿಗೆಗೆ ಕೊಡುತ್ತಾರೆ. ಮೊದಲ ಸಲದವರಿಗೆ ಹೊರಗಿನ ರಿಂಕ್‌ಗಳಿಗಿಂತ ಇದೇ ವಾಸಿ, ಬಿದ್ದರೂ ಕೈ ಮರಗಟ್ಟುವುದಿಲ್ಲ.

ಐಸ್ ಹಾಕಿ ಅಂದರೆ ಈ ಊರಿಗೆ ಹುಚ್ಚು. ಇಲ್ಲಿನ ಕೆನೇಡಿಯನ್ಸ್ ತಂಡ ಐಸ್ ಹಾಕಿಯ ದೊಡ್ಡ ಪ್ರಶಸ್ತಿ ಸ್ಟಾನ್ಲಿ ಕಪ್ಪನ್ನು 24 ಸಲ ಗೆದ್ದಿದೆ, ಬೇರೆ ಯಾವ ತಂಡವೂ ಅಷ್ಟು ಗೆದ್ದಿಲ್ಲ. ಅವರು ಆಡುವ ಬೆಲ್ ಸೆಂಟರ್‌ನಲ್ಲಿ 21,000ಕ್ಕೂ ಹೆಚ್ಚು ಜನ ಕೂರುತ್ತಾರೆ, ಆದರೂ ಟಿಕೆಟ್ ಬೆಲೆ ಕೈ ಸುಡುತ್ತದೆ. ಬರೀ ವಾತಾವರಣ ಸಾಕು ಎನ್ನುವವರು ಮ್ಯಾಚ್ ದಿನ ಯಾವುದಾದರೂ ಬಾರ್‌ಗೆ ಹೋಗಿ. ಅಥವಾ ಮೆಟ್ರೋ ಹಿಡಿದು ಪಕ್ಕದ ಊರು ಲಾವಾಲ್‌ನ ಪ್ಲಾಸ್ ಬೆಲ್‌ಗೆ ಹೋಗಿ ಕೆಳಹಂತದ ಲೀಗ್‌ನ ರಾಕೆಟ್ ತಂಡದ ಆಟ ನೋಡಿ. ಟಿಕೆಟ್ ಅಗ್ಗ, ಆಟ ಜೋರು.

ಕುಡಿಯುವುದಿಲ್ಲ. ರಾತ್ರಿ ನಮಗೇನಿದೆ?

ಬೇಕಾದಷ್ಟಿದೆ. ಅದರಲ್ಲಿ ಕೆಲವಂತೂ ಕುಡಿಯುವವರಿಗೆ ಸಿಗುವುದಕ್ಕಿಂತ ಚೆನ್ನಾಗಿವೆ.

ನೋತ್ರ್ ದಾಮ್ ಬೆಸಿಲಿಕಾದಲ್ಲಿ ಸಂಜೆ ಔರಾ ಎಂಬ ಬೆಳಕು-ಸಂಗೀತದ ಪ್ರದರ್ಶನ ನಡೆಯುತ್ತದೆ, 2017ರಿಂದ ಇದೆ. ನೀಲಿ ಚಾವಣಿ, ಚಿನ್ನದ ಬಣ್ಣದ ಕೆತ್ತನೆಯ ಮೇಲೆಲ್ಲ ಬೆಳಕು ಹರಿದಾಡುತ್ತದೆ. ಮಾತಿಲ್ಲ, ಹಾಗಾಗಿ ಭಾಷೆಯ ತೊಂದರೆಯೂ ಇಲ್ಲ. ವಾರಾಂತ್ಯದ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಸ್ಯಾಂ-ಲೊರಾಂ ರಸ್ತೆಯ ಸ್ಯಾಟ್ ಎಂಬ ಡಿಜಿಟಲ್ ಕಲಾ ಕೇಂದ್ರದಲ್ಲಿ 18 ಮೀಟರ್ ಅಗಲದ ಗುಮ್ಮಟವಿದೆ. ಸುತ್ತಲೂ, ತಲೆಯ ಮೇಲೂ ಚಿತ್ರ ಓಡುತ್ತದೆ, ನೆಲದ ಮೇಲೆ ಮಲಗಿಯೇ ನೋಡುತ್ತಾರೆ.

ಸರ್ಕಸ್ ಈ ಊರಿನ ಹೆಮ್ಮೆ. ತೊಹು ಎಂಬ ದುಂಡಗಿನ ರಂಗಮಂದಿರದಲ್ಲಿ ಚಳಿಗಾಲದಲ್ಲೂ ಪ್ರದರ್ಶನಗಳಿರುತ್ತವೆ. ಪ್ರಾಣಿಗಳಿಲ್ಲ, ಬರೀ ಮನುಷ್ಯರ ಕಸರತ್ತು. ಸಿಂಫನಿ ಕೇಳಬೇಕಾದರೆ ಪ್ಲಾಸ್ ದೇಸಾರ್ ಎಂಬ ಕಲಾ ಸಂಕೀರ್ಣದಲ್ಲಿ 2011ರ ಮೇಸೊಂ ಸಿಂಫೊನಿಕ್ ಸಭಾಂಗಣ ಇದೆ, ಮೆಟ್ರೋದಿಂದ ಒಳಗೊಳಗೇ ಹೋಗಬಹುದು. ಜಾಝ್ ಕ್ಲಬ್‌ಗಳಲ್ಲಿ ಸೋಡಾ ಹಿಡಿದುಕೊಂಡು ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಬಾರ್, ಕ್ಲಬ್ ಎಷ್ಟು ಗಂಟೆಯವರೆಗೆ? ವಯಸ್ಸು?

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಕುಡಿಯುವ ವಯಸ್ಸು 18. ಬಾರ್‌ಗಳು ರಾತ್ರಿ 3ಕ್ಕೆ ಮುಚ್ಚುತ್ತವೆ. ಅಂಗಡಿಯಲ್ಲಿ ಬಿಯರ್, ವೈನ್ ರಾತ್ರಿ 11ರ ತನಕ ಮಾತ್ರ. ಪಾಸ್‌ಪೋರ್ಟ್ ಜೊತೆಗಿರಲಿ. ಗಾಂಜಾ ಕಾನೂನುಬದ್ಧವೇ, ಆದರೆ ವಯಸ್ಸು 21 ಆಗಿರಬೇಕು. ಗಡಿ ದಾಟಿಸುವುದು ಅಪರಾಧ, ಅದರ ಸಹವಾಸವೇ ಬೇಡ.

ಇಲ್ಲಿನ ರಾತ್ರಿಗೆ ಎರಡು ಭಾಗ. ಆಫೀಸ್ ಬಿಟ್ಟವರು ಐದರಿಂದ ಏಳರವರೆಗೆ ಒಂದು ಸುತ್ತು ಕೂರುತ್ತಾರೆ, ಆಗ ಅನೇಕ ಕಡೆ ರಿಯಾಯಿತಿ ಇರುತ್ತದೆ. ಆಮೇಲೆ ಊಟ. ಕ್ಲಬ್‌ಗಳಲ್ಲಿ ಹನ್ನೊಂದರ ಮುಂಚೆ ಹೋದರೆ ಖಾಲಿ ನೆಲ ನೋಡುತ್ತಾ ನಿಲ್ಲಬೇಕಾಗುತ್ತದೆ. ಊರು ಹೊಸದಾದರೆ ಮೊದಲ ಭಾಗವೇ ಚೆಂದ.

ಯಾವ ಏರಿಯಾ?

ಕ್ರೆಸೆಂಟ್ ರಸ್ತೆ ಡೌನ್‌ಟೌನ್‌ನಲ್ಲೇ ಇದೆ, ಇಂಗ್ಲಿಷ್ ನಡೆಯುತ್ತದೆ, ಟೂರಿಸ್ಟ್ ಜಾಸ್ತಿ. ಹಳೆಯ ಪೇಟೆ ಅಲಂಕಾರದ್ದು, ದುಬಾರಿ. ಸ್ಯಾಂ-ಲೊರಾಂ ಮತ್ತು ಪ್ಲಾಟೊ ಕಡೆ ವಿದ್ಯಾರ್ಥಿಗಳು, ಲೈವ್ ಬ್ಯಾಂಡ್, ಗದ್ದಲ. ಮೈಲ್ ಎಂಡ್‌ನಲ್ಲಿ ಸಣ್ಣ ಬಾರ್‌ಗಳು, ಸಂಗೀತದವರು. ಬೋದ್ರಿ ಸ್ಟೇಷನ್ ಸುತ್ತ ಇರುವ ವಿಲೇಜ್ ಎಲ್‌ಜಿಬಿಟಿ ಸಮುದಾಯದ ನೆಚ್ಚಿನ ಜಾಗ, ಎಲ್ಲರಿಗೂ ಬಾಗಿಲು ತೆರೆದಿದೆ. ಒಂದು ರಾತ್ರಿಗೆ ಒಂದೇ ಏರಿಯಾ. ಮೈನಸ್ 18ರಲ್ಲಿ ಬಾರ್‌ನಿಂದ ಬಾರ್‌ಗೆ ಊರು ಸುತ್ತುವುದು ಮಜಾ ಅಲ್ಲ.

ದಪ್ಪ ಕೋಟು, ಬೂಟು ಹಾಕಿಕೊಂಡು ಕ್ಲಬ್‌ಗೆ ಹೇಗೆ ಹೋಗುವುದು?

ಎಲ್ಲರೂ ಹಾಗೇ ಬರುತ್ತಾರೆ. ಬಾಗಿಲ ಪಕ್ಕ ವೆಸ್ತಿಯೇರ್ ಎಂಬ ಕೌಂಟರ್ ಇರುತ್ತದೆ, ಕೆಲವು ಡಾಲರ್ ತೆಗೆದುಕೊಂಡು ಕೋಟು ಇಟ್ಟುಕೊಂಡು ನಂಬರ್ ಚೀಟಿ ಕೊಡುತ್ತಾರೆ. ಕೊಡುವ ಮುಂಚೆ ಟೋಪಿ, ಮಫ್ಲರ್, ಕೈಗವಸನ್ನು ಕೋಟಿನ ತೋಳಿನೊಳಗೆ ಆಳಕ್ಕೆ ತುರುಕಿ, ತೋಳನ್ನು ಒಂದು ಸುತ್ತು ಮಡಚಿ. ಜೇಬಿಗೆ ಹಾಕಿದರೆ ಒಂದು ಕೈಗವಸು ಬಿದ್ದೇ ಬೀಳುತ್ತದೆ. ಫೋನ್, ಪಾಸ್‌ಪೋರ್ಟ್ ಮಾತ್ರ ನಿಮ್ಮ ಬಳಿ ಇರಲಿ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚುವ ಹೊತ್ತಿಗೆ ಇಲ್ಲಿ ದೊಡ್ಡ ಕ್ಯೂ ಇರುತ್ತದೆ, ಕಾಲು ಗಂಟೆ ಮೊದಲೇ ಎದ್ದರೆ ಬಚಾವ್.

ಒಳಗೆ ಹೀಟರ್ ಜೋರು, ಹಾಗಾಗಿ ಒಳಗಡೆ ತೆಳು ಬಟ್ಟೆ ಇರಲಿ. ಬೂಟು ವಾಟರ್‌ಪ್ರೂಫ್ ಆಗಿರಲೇಬೇಕು. ರಸ್ತೆ ಮೂಲೆಯಲ್ಲಿ ಕಂದು ಬಣ್ಣದ ಗಟ್ಟಿ ಹಿಮದಂತೆ ಕಾಣುವುದು ಎಷ್ಟೋ ಸಲ ಹಿಮವಲ್ಲ, ಕಣಕಾಲು ಮುಳುಗುವ ಕೊಚ್ಚೆ ನೀರು.

ಬಿಲ್ ಯಾಕೆ ಮೆನುವಿಗಿಂತ ಜಾಸ್ತಿ ಬರುತ್ತದೆ?

ಮೆನು ಬೆಲೆಗೆ ಎರಡು ತೆರಿಗೆ ಸೇರುತ್ತವೆ, ಶೇ. 5 ಮತ್ತು ಶೇ. 9.975. ಅದರ ಮೇಲೆ ಟಿಪ್, ಶೇ. 15ರಿಂದ 20. ಸುಲಭ ಲೆಕ್ಕ ಏನೆಂದರೆ, ಎರಡು ತೆರಿಗೆ ಕೂಡಿಸಿದರೆ ಎಷ್ಟೋ ಅಷ್ಟೇ ಟಿಪ್ ಕೊಡಿ. ಖರ್ಚು ತಗ್ಗಿಸಲು ಇನ್ನೊಂದು ದಾರಿ ಇದೆ. ನಿಮ್ಮದೇ ವೈನ್ ತರಬಹುದು ಎಂಬ ಬೋರ್ಡ್ ಇರುವ ರೆಸ್ಟೋರೆಂಟ್‌ಗಳು ಇಲ್ಲಿ ಸಾಕಷ್ಟಿವೆ, ದುಲುತ್ ರಸ್ತೆ ಅದಕ್ಕೇ ಹೆಸರುವಾಸಿ.

ಸಸ್ಯಾಹಾರಿಗಳಿಗೆ ಕಷ್ಟ ಆಗುತ್ತಾ?

ಕಷ್ಟವಿಲ್ಲ, ಕೇಳಿ ತಿನ್ನಬೇಕು ಅಷ್ಟೆ. ಇಲ್ಲಿನ ಫೇಮಸ್ ತಿಂಡಿ ಪುಟೀನ್ ನೋಡಲು ಸಸ್ಯಾಹಾರವೇ, ಆಲೂಗಡ್ಡೆ ಫ್ರೈ ಮೇಲೆ ಚೀಸ್ ಮತ್ತು ಸಾರು. ಆದರೆ ಸಾರು ಹೆಚ್ಚಾಗಿ ಮಾಂಸದ್ದು. ಸಸ್ಯಾಹಾರಿ ಸಾರು ಇದೆಯಾ ಎಂದು ಕೇಳಿದರೆ ಹಲವು ಕಡೆ ಕೊಡುತ್ತಾರೆ. ಈರುಳ್ಳಿ ಸೂಪಿಗೆ ದನದ ಮಾಂಸದ ಸಾರು, ಬಟಾಣಿ ಸೂಪಿಗೆ ಹಂದಿ ಮಾಂಸ ಹಾಕುವುದು ರೂಢಿ. ಸ್ಮೋಕ್ಡ್ ಮೀಟ್ ಅಂದರೆ ದನದ ಮಾಂಸ. ಮಾಂಸ ಬೇಡ ಎನ್ನಲು ‘ಸಾಂ ವ್ಯಾಂದ್’ ಎಂದರೆ ಸಾಕು.

ಮೈಲ್ ಎಂಡ್‌ನ ಬೇಗಲ್ ತಪ್ಪಿಸಬೇಡಿ. ಹಿಟ್ಟಿನ ಬಳೆಗಳನ್ನು ಜೇನು ಬೆರೆಸಿದ ನೀರಿನಲ್ಲಿ ಕುದಿಸಿ, ಎಳ್ಳು ಮೆತ್ತಿ, ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿ ಸೌದೆ ಒಲೆಗೆ ತಳ್ಳುತ್ತಾರೆ. ಬಿಸಿಬಿಸಿ ಕಾಗದದ ಚೀಲಕ್ಕೆ ಹಾಕಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕುವ ಪದ್ಧತಿ ಇದೆ, ಮೊಟ್ಟೆ ತಿನ್ನದವರು ಕೇಳಿಕೊಳ್ಳಿ. ಅನ್ನ, ಸಾಂಬಾರ್, ದೋಸೆಯ ನೆನಪಾದರೆ ಪಾರ್ಕ್ ಎಕ್ಸ್‌ಟೆನ್ಷನ್ ಬಡಾವಣೆಗೆ ಹೋಗಿ. ಪಾರ್ಕ್ ಅಥವಾ ಅಕಾದಿ ಸ್ಟೇಷನ್‌ನಲ್ಲಿ ಇಳಿಯಿರಿ.

ರಾತ್ರಿ 3ಕ್ಕೆ ವಾಪಸ್ ಹೇಗೆ ಬರುವುದು?

ಮೆಟ್ರೋ 1ರ ಸುಮಾರಿಗೇ ನಿಂತಿರುತ್ತದೆ. 300ರ ಸರಣಿಯ ನಂಬರ್ ಇರುವ ರಾತ್ರಿ ಬಸ್‌ಗಳಿವೆ. ಬಸ್ ಬರುವ ಸಮಯ ಫೋನ್‌ನಲ್ಲಿ ನೋಡಿಕೊಂಡು ಒಳಗೇ ನಿಂತಿರಿ. ಚಳಿಗೆ ಫೋನ್ ಬ್ಯಾಟರಿ ಬೇಗ ಸಾಯುತ್ತದೆ, ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. 3ಕ್ಕೆ ಎಲ್ಲರೂ ಒಟ್ಟಿಗೆ ಹೊರಬೀಳುವುದರಿಂದ ಟ್ಯಾಕ್ಸಿ ಸಿಗುವುದು ತಡ, ಉಬರ್ ದರವೂ ಏರಿರುತ್ತದೆ.

ಕುಡಿದವರಿಗೆ ಒಂದು ಗಂಭೀರ ಮಾತು. ಮದ್ಯ ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಕೋಟಿನ ಜಿಪ್ ಬಿಚ್ಚಿಕೊಂಡು ನಡೆಯುವ ಸ್ನೇಹಿತನನ್ನು ಒಂಟಿಯಾಗಿ ಕಳಿಸಬೇಡಿ.

ಕಾರು ಬಾಡಿಗೆಗೆ ತಗೊಳ್ಳೋಣವಾ?

ಊರೊಳಗೆ ಸುತ್ತಲು ಬೇಡ. ಹಿಮ ತೆಗೆಯುವ ದಿನ ರಸ್ತೆ ಬದಿಗೆ ಕಿತ್ತಳೆ ಬಣ್ಣದ ಬೋರ್ಡ್ ನೆಡುತ್ತಾರೆ, ಆ ಹೊತ್ತಿಗೆ ಕಾರು ಅಲ್ಲಿದ್ದರೆ ಎಳೆದುಕೊಂಡು ಹೋಗುತ್ತಾರೆ. ಮುಂಚೆ ಸೈರನ್ ಕೂಗಿಸುತ್ತಾರೆ. ನೀವು ಬೇಸ್‌ಮೆಂಟ್ ಬಾರ್‌ನಲ್ಲಿದ್ದರೆ ಅದು ಕೇಳಿಸಬೇಕಲ್ಲ! ಏರ್‌ಪೋರ್ಟ್‌ನಿಂದ 747 ಬಸ್ ದಿನದ 24 ಗಂಟೆಯೂ ಡೌನ್‌ಟೌನ್‌ಗೆ ಓಡುತ್ತದೆ.

ಸ್ಪಾ ಚೆನ್ನಾಗಿರುತ್ತಾ?

ಹಳೆಯ ಬಂದರಿನಲ್ಲಿ ಬೋಟಾ ಬೋಟಾ ಎಂಬ ತೇಲುವ ಸ್ಪಾ ಇದೆ, ಒಂದು ಕಾಲದ ಫೆರ್ರಿ ಹಡಗು. ಬಿಸಿ ಹಬೆ, ತಣ್ಣೀರು, ವಿಶ್ರಾಂತಿ, ಮತ್ತೆ ಮೊದಲಿಂದ. ಡೆಕ್ ಮೇಲೆ ಬಿಸಿನೀರಿನಲ್ಲಿ ಕುತ್ತಿಗೆ ತನಕ ಮುಳುಗಿ ಕೂತಾಗ ತಲೆಗೂದಲ ತುದಿಗೆ ಸಣ್ಣ ಹರಳು ಕಟ್ಟುತ್ತದೆ. ಈಜುಡುಗೆ ಬೇಕು, ಮಾತು ಮೆಲ್ಲಗೆ. ಹರಟೆ ಹೊಡೆಯುವ ಗುಂಪಿನ ಜೊತೆ ಹೋದರೆ ಪ್ರಯೋಜನವಿಲ್ಲ.

ಹೊರಗಿನ ಹಬ್ಬಗಳೂ ಇವೆಯಂತೆ?

ಜನವರಿ-ಫೆಬ್ರವರಿಯಲ್ಲಿ ಇಗ್ಲೂಫೆಸ್ಟ್, ಬಂದರಿನ ಬಯಲಿನಲ್ಲಿ ಹಿಮದ ಮೇಲೆ ಎಲೆಕ್ಟ್ರಾನಿಕ್ ಸಂಗೀತಕ್ಕೆ ಕುಣಿಯುವುದು. 2007ರಿಂದ ನಡೆಯುತ್ತಿದೆ. ಸಾವಿರಾರು ಜನ ಹತ್ತಿರ ಹತ್ತಿರ ನಿಂತು ಕುಣಿಯುವಾಗ ಚಳಿ ಅಷ್ಟೇನೂ ಗೊತ್ತಾಗುವುದಿಲ್ಲ, ಗೊತ್ತಾಗುವುದು ವಾಪಸ್ ನಡೆಯುವಾಗ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ಹೊತ್ತಿಗೆ ಬರುವ ನ್ವಿ ಬ್ಲಾಂಶ್ ರಾತ್ರಿ ಮಾತ್ರ ಈ ಪುಟಕ್ಕೆ ಹೇಳಿ ಮಾಡಿಸಿದ್ದು. ಮ್ಯೂಸಿಯಂ, ಗ್ಯಾಲರಿ, ಸಭಾಂಗಣಗಳು ತಡರಾತ್ರಿವರೆಗೆ ತೆರೆದಿರುತ್ತವೆ, ಬಹಳಷ್ಟು ಉಚಿತ. ನಿಮ್ಮ ತಾರೀಖು ಸ್ವಲ್ಪ ಹಿಂದೆ ಮುಂದೆ ಮಾಡಲು ಆಗುವುದಾದರೆ ಅದಕ್ಕೆ ಹೊಂದಿಸಿಕೊಳ್ಳಿ.

ಫ್ರೆಂಚ್ ಬರದಿದ್ದರೆ?

ಡೌನ್‌ಟೌನ್‌ನಲ್ಲಿ ಇಂಗ್ಲಿಷ್ ಸಾಕು. ಮೊದಲು ‘ಬೊಂಜೂರ್’ ಎಂದು ಆಮೇಲೆ ಇಂಗ್ಲಿಷ್‌ಗೆ ಹೋಗಿ, ಮುಖ ಅರಳುತ್ತದೆ. ರೆಸೊದಲ್ಲಿ ‘ಸೋರ್ತಿ’ ಎಂದು ಬರೆದಿದ್ದರೆ ಅದು ಹೊರದಾರಿ.

ಸೋಮವಾರ ಒಂದೇ ದಿನ ಇದೆ, ಏನು ಮಾಡಲಿ?

ಕಷ್ಟದ ದಿನ ಹಿಡಿದಿದ್ದೀರಿ. ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಬೆಳಿಗ್ಗೆ ಜಾನ್-ತಾಲೊನ್ ಮಾರ್ಕೆಟ್, ಮಧ್ಯಾಹ್ನ ರೆಸೊದ ಆ ಮೂರು ಜಾಗ, ನಾಲ್ಕಕ್ಕೆ ಬೊನಾವೆಂಚರ್ ಮೇಲಿನ ಐಸ್ ರಿಂಕ್, ರಾತ್ರಿ ಯಾವುದಾದರೂ ಜಾಝ್ ಕ್ಲಬ್. ಸೋಮವಾರ ತೆರೆದಿರುವ ಕ್ಲಬ್ ಯಾವುದು ಎಂದು ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ.